ಒಂದು ಕುಲಾವಿಯಷ್ಟು ಹೆಚ್ಚು

ಬಹಳ ಹಿಂದೆ, ಸೂರ್ಯ ಇನ್ನೂ ತಾನಾಗಿ ಹುಟ್ಟುವುದನ್ನು ಕಲಿತಿರದ ಕಾಲದಲ್ಲಿ, ಬಟ್ಟಲಸೀಮೆ ಎಂಬ ರಾಜ್ಯವಿತ್ತು. ಸುತ್ತ ಬೆಟ್ಟ, ನಡುವೆ ಊರು. ಬೆಟ್ಟಗಳು ಎಷ್ಟು ಎತ್ತರವೆಂದರೆ ಸೂರ್ಯನಿಗೆ ತಾನಾಗಿ ಹತ್ತಿ ಬರಲು ಆಗುತ್ತಿರಲಿಲ್ಲ. ಅದಕ್ಕೇ ಹಿಂದಿನವರು ಊರ ನಡುವೆ ಗೋಪುರ ಕಟ್ಟಿ ಒಳಗೆ ಕಂಚಿನ ಯಂತ್ರ ಇಟ್ಟಿದ್ದರು. ಬೆಳಿಗ್ಗೆ ಎತ್ತು ಗಾಣ ಸುತ್ತಿದ ಹಾಗೆ ಸುತ್ತುತ್ತಿತ್ತು. ಎತ್ತು ಸುತ್ತಿದರೆ ದೊಡ್ಡ ಚಕ್ರ ತಿರುಗುತ್ತಿತ್ತು. ದೊಡ್ಡ ಚಕ್ರದ ಹಲ್ಲು ಚಿಕ್ಕ ಚಕ್ರದ ಹಲ್ಲನ್ನು ಹಿಡಿದು ಅದನ್ನೂ ತಿರುಗಿಸುತ್ತಿತ್ತು. ಚಿಕ್ಕ ಚಕ್ರ ಸರಪಳಿ ಎಳೆಯುತ್ತಿತ್ತು. ಸರಪಳಿಯ ಆ ತುದಿಯಲ್ಲಿ ಸೂರ್ಯ. ಸಂಜೆ ಎತ್ತು ಬಿಚ್ಚಿದರೆ ಸೂರ್ಯ ಮೆಲ್ಲಗೆ ಇಳಿದು ಹೋಗುತ್ತಿದ್ದ.

ಆ ಸೀಮೆಯ ಮಕ್ಕಳು ಮಧ್ಯಾಹ್ನ ಮಾತ್ರ ಬೆಳೆಯುತ್ತಿದ್ದರು. ಸೂರ್ಯ ನೆತ್ತಿಯ ಮೇಲೆ ಬಂದಾಗ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಎಳ್ಳಿನಷ್ಟು ಉದ್ದವಾಗುತ್ತಿದ್ದರು. ಸೂರ್ಯ ಪಡುವಲಕ್ಕೆ ವಾಲಿದ ಮೇಲೆ ಬೆಳೆಯುವುದು ನಿಲ್ಲುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಯಾರೂ ಅದನ್ನು ನೆನಪಿನಲ್ಲಿ ಇಟ್ಟುಕೊಂಡಿರಲಿಲ್ಲ.

ಚಿಕ್ಕ ಚಕ್ರ ಹೆಚ್ಚು ತಿರುಗುವಂಥದ್ದು, ಬೇಗ ಸವೆಯಿತು. ದೊರೆ ಸೋಮಭೂಪನಿಗೆ ಕತ್ತಲೆಯೆಂದರೆ ಭಯ. ಹೆದರಿ ನೆರಳಯ್ಯ ಎಂಬ ಮಾಂತ್ರಿಕನನ್ನು ಕರೆಸಿದ. ನೆರಳಯ್ಯ ಅಂಥದ್ದೇ ಹೊಸ ಚಕ್ರ ಮಾಡಿಕೊಟ್ಟ. ಮರುವರ್ಷ ಅದನ್ನು ನೋಡಿ ಇನ್ನೊಂದು, ಅದರ ಮರುವರ್ಷ ಅದನ್ನು ನೋಡಿ ಮತ್ತೊಂದು. ಪ್ರತಿ ಸಲವೂ ಫಳಫಳ ಹೊಳೆಯುವ ಚಕ್ರ. ಊರವರು ಹೊಳಪು ನೋಡಿ ಕೈ ಮುಗಿದರು. ಆಮೇಲೆ ನೋಡಿದರೆ ಸೂರ್ಯ ಅರ್ಧ ಆಕಾಶಕ್ಕೆ ಬಂದು, ಜಾರಿ, ಹಿಂದಕ್ಕೆ ಇಳಿದುಬಿಡುತ್ತಿದ್ದ. ಬಟ್ಟಲಸೀಮೆಯಲ್ಲಿ ಬೆಳಿಗ್ಗೆ ಇತ್ತು, ಸಂಜೆ ಇತ್ತು, ನಡುವೆ ಮಧ್ಯಾಹ್ನವೇ ಇರಲಿಲ್ಲ. ಗಂಡಸರು ಹಗಲು ಚಿಕ್ಕದಾಯಿತೆಂದು ಬೇಗ ಮಲಗಿದರು. ಹೆಂಗಸರು ಅಷ್ಟೇ ಕೆಲಸವನ್ನು ಅರ್ಧ ಹಗಲಿನಲ್ಲಿ ಮುಗಿಸಿದರು.

ಅದೇ ಊರಿನಲ್ಲಿ ಸಂಪವ್ವ ಎಂಬ ಕಂಚುಗಾರ್ತಿ ಇದ್ದಳು. ಅವಳ ಮನೆಯ ಹಿತ್ತಿಲೇ ಅವಳ ಕಾರ್ಖಾನೆ. ಅಲ್ಲಿ ಒಂದು ಕುಲುಮೆ, ಅದಕ್ಕೆ ಗಾಳಿ ಊದುವ ಒಂದು ತಿದಿ, ಮಣ್ಣಿನ ರಾಶಿ, ಒಣಗಲು ಹಾಕಿದ ಮಗುವಿನ ಬಟ್ಟೆ. ಅವಳು ಹೊಸ ಪಾತ್ರೆ ಮಾಡುತ್ತಿರಲಿಲ್ಲ. ಅಜ್ಜನ ಕಾಲದ ಪೆಟ್ಟಿಗೆಯ ಬೀಗಕ್ಕೆ ನಾಲಿಗೆ ಹೋಯಿತೇ, ಮುತ್ತಜ್ಜಿಯ ದೀಪಕ್ಕೆ ಮೂತಿ ಮುರಿಯಿತೇ, ಜನ ಅವಳ ಹತ್ತಿರ ತರುತ್ತಿದ್ದರು. ಅವಳು ಉಳಿದ ಹಳೆಯ ತುಂಡನ್ನು ಮಣ್ಣಿಗೆ ಒತ್ತಿ ಅಚ್ಚು ತೆಗೆದು, ಕಂಚು ಕರಗಿಸಿ ಎರೆದು, ಅರದಲ್ಲಿ ಉಜ್ಜಿ, ಹೊಗೆ ಹಿಡಿಸಿ, ಹಳೆಯದು ಯಾವುದು ಹೊಸದು ಯಾವುದು ತಿಳಿಯದ ಹಾಗೆ ಕೂರಿಸಿ ಕೊಡುತ್ತಿದ್ದಳು. ತಿದಿ ಒತ್ತುವವಳು ಅವಳ ಅತ್ತೆ ಗಂಗಮಾಳವ್ವ. ಗಂಡ ಹಳೆ ಕಂಚು ತರಲು ಗಾಡಿ ಕಟ್ಟಿಕೊಂಡು ದೂರದ ಸೀಮೆಗೆ ಹೋಗಿದ್ದ. ಹಗಲು ಚಿಕ್ಕದಾದ್ದರಿಂದ ದಾರಿ ಸಾಗದೆ ಇನ್ನೂ ಬರುತ್ತಲೇ ಇದ್ದ.

ಸಂಪವ್ವನಿಗೆ ಒಬ್ಬ ಮಗ. ಹೆಸರು ದುಂಡ. ಹುಟ್ಟಿದ ಮೇಲೆ ನಾಲ್ಕಾರು ತಿಂಗಳು ಚೆನ್ನಾಗಿ ಬೆಳೆದು, ಅಂಬೆಗಾಲಿಡುವುದನ್ನು ಕಲಿತು, ಅಲ್ಲಿಗೇ ನಿಂತಿದ್ದ.

ಒಂದು ಚಳಿಗಾಲದ ಬೆಳಿಗ್ಗೆ ಗಂಗಮಾಳವ್ವ ಪೆಟ್ಟಿಗೆಯಿಂದ ಹೋದ ವರ್ಷದ ಕುಲಾವಿ ತೆಗೆದಳು. ಹಳೆ ಸೀರೆಯನ್ನು ಮಡಿಸಿ ಮಡಿಸಿ ದಪ್ಪಗೆ ಹೊಲಿದ ಕುಲಾವಿ. ಮುಂದಿನ ವರ್ಷಕ್ಕೂ ಆಗಲಿ ಎಂದು ಆಗಲೇ ಒಂದಿಷ್ಟು ಸಡಿಲವಾಗಿ ಹೊಲಿದಿದ್ದಳು. ಮೊಮ್ಮಗನ ತಲೆಗೆ ಹಾಕಿದಳು. ಅದು ಹೋದ ವರ್ಷದ ಹಾಗೆಯೇ ಜಾರಿ ಅವನ ಮೂಗಿನ ಮೇಲೆ ಬಂತು.

"ಇದೇನೇ ಸಂಪಿ, ಇನ್ನೂ ದೊಡ್ಡದು?" ಎಂದಳು ಅತ್ತೆ. "ಯಾರೋ ಕೂಸನ್ನ ದಾಟಿದ್ದಾರೆ. ಮಲಗಿದ್ದ ಮಗೂನ ದಾಟಿದ್ರೆ ಬೆಳೆಯಲ್ಲ ಅಂತ ಎಷ್ಟು ಸಲ ಹೇಳಿಲ್ಲ ನಾನು?"

"ನೀವೇ ದಾಟಿರ್ಬೇಕು ಅತ್ತೆ. ನಿಮಗೆ ರಾತ್ರಿ ಕಣ್ಣು ಕಾಣಲ್ಲ."

"ನನ್ನ ಕಣ್ಣಿಗೇನಾಗಿದೆ? ನಿನ್ನ ನಾಲಿಗೆ ಉದ್ದ ಬೆಳೆದ ಹಾಗೆ ಮಗು ಬೆಳೆದಿದ್ದಿದ್ರೆ ಇಷ್ಟೊತ್ತಿಗೆ ಮದುವೆ ಮಾಡಬಹುದಿತ್ತು."

ಇಂಥ ಜಗಳ ಅವತ್ತು ಬೀದಿಯ ಎಲ್ಲ ಮನೆಗಳಲ್ಲೂ ನಡೆಯುತ್ತಿತ್ತು. ಪಕ್ಕದ ಮನೆಯವಳು ನಾದಿನಿಯನ್ನು ಬೈಯುತ್ತಿದ್ದಳು. ಎದುರು ಮನೆಯವಳು ಬೆಕ್ಕನ್ನು ಹೊಡೆಯುತ್ತಿದ್ದಳು. ಎಲ್ಲರ ಮಕ್ಕಳೂ ಹೋದ ವರ್ಷದಷ್ಟೇ ಇದ್ದವು. ಆದರೆ ಬಟ್ಟಲಸೀಮೆಯಲ್ಲಿ ಕೂಸುಗಳನ್ನು ಅಳೆಯುವ ಪದ್ಧತಿ ಇರಲಿಲ್ಲ. ಅಳೆದರೆ ಬೆಳವಣಿಗೆ ನಿಲ್ಲುತ್ತದೆ ಎಂದು ಹಿರಿಯರು ಹೆದರಿಸಿದ್ದರು. ಅದಕ್ಕೇ ಬೆಳವಣಿಗೆ ನಿಂತು ಇಷ್ಟು ಕಾಲವಾದರೂ ಒಬ್ಬರಿಗೂ ತಿಳಿದಿರಲಿಲ್ಲ.

ಸಂಪವ್ವ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬೀದಿಗೆ ಬಂದಳು. ಸೂರ್ಯ ಅರ್ಧ ಆಕಾಶಕ್ಕೆ ಬಂದಿದ್ದ. ಗೋಪುರದೊಳಗಿಂದ ಕಟಕಟ, ಕಟಕಟ ಎಂದು ಸದ್ದು ಬಂತು. ಸೂರ್ಯ ಜಾರಿ ಕೆಳಗಿಳಿದ.

"ಈ ಸದ್ದು ನನಗೆ ಗೊತ್ತು," ಎಂದಳು ಸಂಪವ್ವ. "ಹಲ್ಲು ಹಲ್ಲಿಗೆ ಸಿಗ್ತಿಲ್ಲ. ಬೆಕ್ಕಿಗೆ ಯಾಕೆ ಹೊಡೀತೀರ, ಬನ್ನಿ ಅರಮನೆಗೆ."

ಯಾರೂ ಬರಲಿಲ್ಲ. ಎಲ್ಲರಿಗೂ ಒಲೆಯ ಮೇಲೆ ಏನೋ ಇತ್ತು. ಅವಳೊಬ್ಬಳೇ ಹೋದಳು.

ಅರಮನೆಯಲ್ಲಿ ದೊರೆ ಸುತ್ತ ದೀಪ ಹಚ್ಚಿಸಿಕೊಂಡು ಕುಳಿತಿದ್ದ. ಪಕ್ಕದಲ್ಲಿ ನೆರಳಯ್ಯ ನಿಂತಿದ್ದ. ಅವನು ಎಷ್ಟು ಎತ್ತರವಾಗಿದ್ದನೆಂದರೆ ಅರಮನೆಯ ಬಾಗಿಲಿನಲ್ಲೂ ಬಗ್ಗಿ ಬರಬೇಕಿತ್ತು. ವರ್ಷವರ್ಷವೂ ಎತ್ತರವಾಗುತ್ತಿದ್ದ. ಮಂತ್ರಶಕ್ತಿ ಹೆಚ್ಚುತ್ತಿದೆ ಎಂದು ಜನ ಗೌರವದಿಂದ ಹೇಳುತ್ತಿದ್ದರು.

"ಮಹಾಪ್ರಭು, ಯಂತ್ರದ ಚಿಕ್ಕ ಚಕ್ರ ಸರಿಯಿಲ್ಲ. ಮಧ್ಯಾಹ್ನ ಆಗ್ತಿಲ್ಲ. ಮಧ್ಯಾಹ್ನ ಇಲ್ಲದೆ ಮಕ್ಕಳು ಬೆಳೀತಿಲ್ಲ," ಎಂದಳು ಸಂಪವ್ವ. "ನಾನು ಬೇರೆ ಮಾಡಿಕೊಡ್ತೀನಿ."

ನೆರಳಯ್ಯ ನಕ್ಕ. "ಏನಮ್ಮಾ, ದೀಪದ ಮೂತಿ ಮಾಡೋ ಕೈಗೆ ಸೂರ್ಯನ ಚಕ್ರ ಬೇಕಾ?"

"ಸೂರ್ಯನೂ ದೀಪಾನೇ ಅಲ್ವಾ ಸ್ವಾಮಿ? ಸ್ವಲ್ಪ ದೊಡ್ಡದು."

ದೊರೆ ಅವಳನ್ನೂ ನೋಡಿದ, ಅವಳ ಕಂಕುಳಲ್ಲಿ ಮೂಗು ಮುಚ್ಚುವ ಕುಲಾವಿ ಹಾಕಿಕೊಂಡಿದ್ದ ಕೂಸನ್ನೂ ನೋಡಿದ. ಅವನಿಗೂ ಒಬ್ಬಳು ಮಗಳಿದ್ದಳು. ಅವಳೂ ತೊಟ್ಟಿಲಿನಲ್ಲೇ ಇದ್ದಳು. "ಮೂರು ಸಲ ಮಾಡಿ ನೋಡು," ಎಂದ.

"ಹಾಗೇ ಆಗಲಿ," ಎಂದ ನೆರಳಯ್ಯ. "ಮೂರು ಸಲವೂ ಸೋತರೆ ಗೋಪುರದ ಬೀಗದ ಕೈ ಎಂದೆಂದಿಗೂ ನನಗೆ. ಇನ್ನೊಂದು ಮಾತು. ಸೂರ್ಯನ ಯಂತ್ರವನ್ನು ಅಳೆಯಬಾರದು. ಅಳೆದರೆ ಸೂರ್ಯನ ಆಯುಷ್ಯ ಕಡಿಮೆಯಾಗುತ್ತದೆ. ಅದಕ್ಕೆ ನನ್ನ ಕರಡಿ ಕಾವಲಿದೆ."

ಅರಮನೆಯ ಹಿತ್ತಿಲಲ್ಲಿ ಹೋದ ವರ್ಷ ಕಳಚಿಹಾಕಿದ ಚಕ್ರ ಬಿದ್ದಿತ್ತು. ಅಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಗಾಡಿಯ ಚಕ್ರದಷ್ಟು ದೊಡ್ಡದು. ಸಂಪವ್ವ ಅದನ್ನು ಮನೆಗೆ ತರಿಸಿದಳು. ತನಗೆ ಗೊತ್ತಿದ್ದ ಹಾಗೆ ಅದನ್ನು ಹದವಾದ ಮಣ್ಣಿಗೆ ಒತ್ತಿದಳು, ಅಚ್ಚು ತೆಗೆದಳು. ಗಂಗಮಾಳವ್ವ ತಿದಿ ಒತ್ತಿದಳು. ಮೂಸೆಯಲ್ಲಿ ಕಂಚು ಕರಗಿ ಕೆಂಡದ ಬಣ್ಣಕ್ಕೆ ಬಂತು. ಎರೆದರು, ಆರಿಸಿದರು, ಅರದಲ್ಲಿ ಉಜ್ಜಿದರು. ಚಕ್ರ ಸೊಗಸಾಗಿ ಬಂತು.

ಗೋಪುರದ ಬಾಗಿಲಿನಲ್ಲಿ ಕರಡಿ ಕುಳಿತಿತ್ತು. ಅದಕ್ಕೆ ಬೇರೇನೂ ಮೂಸಲು ಬರುತ್ತಿರಲಿಲ್ಲ, ಅಳತೆಯನ್ನು ಮಾತ್ರ ಮೂಸುತ್ತಿತ್ತು. ಗಂಟು ಹಾಕಿದ ದಾರ, ಗೆರೆ ಕೊರೆದ ಕೋಲು ಯಾರ ಹತ್ತಿರವಿದ್ದರೂ ಅದರ ಮೂಗು ಅರಳುತ್ತಿತ್ತು.

"ಅಳತೆ ಇದೆಯಾ?" ಎಂದಿತು ಕರಡಿ.

"ಇಲ್ಲಪ್ಪ, ಚಕ್ರ ಇದೆ."

ಕರಡಿ ಮೂಸಿ ಬಿಟ್ಟಿತು. ಅರಮನೆಯ ಆಳುಗಳು ನೆರಳಯ್ಯನ ಚಕ್ರ ತೆಗೆದು ಸಂಪವ್ವನ ಚಕ್ರ ಕೂರಿಸಿದರು. ಎತ್ತು ಸುತ್ತಿತು. ಊರೆಲ್ಲ ತಲೆಯೆತ್ತಿ ನೋಡಿತು. ಸೂರ್ಯ ಅರ್ಧ ಆಕಾಶಕ್ಕೆ ಬಂದ. ಕಟಕಟ, ಕಟಕಟ. ಜಾರಿ ಇಳಿದ.

ಸಂಪವ್ವನ ಮುಖ ಸಣ್ಣಗಾಯಿತು. ನೆರಳಯ್ಯನ ಚಕ್ರವನ್ನೂ ತನ್ನ ಚಕ್ರವನ್ನೂ ಜೋಡಿಸಿಟ್ಟು ನೋಡಿದಳು. ಎರಡೂ ಒಂದೇ. ಮನೆಗೆ ತಂದು ಅಚ್ಚು ಒತ್ತಿದ್ದ ಹಳೆಯ ಚಕ್ರದ ಮೇಲೆ ತನ್ನದನ್ನು ಇಟ್ಟು ನೋಡಿದಳು. ಅವಳದು ಸುತ್ತಲೂ ಕಿರುಬೆರಳಿನ ಅಗಲದಷ್ಟು ಒಳಗೆ ನಿಂತಿತು.

"ಅತ್ತೆ, ಕಂಚು ಆರುವಾಗ ಕುಗ್ಗುತ್ತೆ," ಎಂದಳು. "ಬೀಗದ ನಾಲಿಗೆ ಕೂದಲೆಳೆಯಷ್ಟು ಕುಗ್ಗಿದರೆ ಕಣ್ಣಿಗೆ ಕಾಣಲ್ಲ, ನಾವು ತಟ್ಟಿ ಬಗ್ಗಿಸಿ ಕೂರಿಸಿಬಿಡ್ತಿದ್ವಿ. ಇಷ್ಟು ದೊಡ್ಡ ಚಕ್ರದಲ್ಲಿ ಕಾಣುತ್ತೆ. ಅವನು ನಕಲಿನ ನಕಲು, ಆ ನಕಲಿನ ನಕಲು ಮಾಡ್ತಾ ಬಂದಿದ್ದಾನೆ. ಒಂದೊಂದೂ ಹಿಂದಿನದಕ್ಕಿಂತ ಚಿಕ್ಕದು. ನಾನೂ ಅದನ್ನೇ ಮಾಡಿದೆ. ಥೂ, ನನ್ನ ಬುದ್ಧಿಗಿಷ್ಟು."

"ಹಾಗಾದ್ರೆ ದೊಡ್ಡದು ಮಾಡು."

"ಎಷ್ಟು ದೊಡ್ಡದು? ಮೊದಲನೇ ಚಕ್ರ ಎಷ್ಟಿತ್ತು ಅಂತ ಯಾರಿಗೆ ಗೊತ್ತು?"

ಅದು ಗೋಪುರಕ್ಕೆ ಮಾತ್ರ ಗೊತ್ತಿತ್ತು. ದೊಡ್ಡ ಚಕ್ರ ಹಿಂದಿನವರು ಕೂರಿಸಿದ್ದೇ, ಯಾರೂ ಬದಲಿಸಿರಲಿಲ್ಲ. ಚಿಕ್ಕ ಚಕ್ರ ತಿರುಗುವ ಕಂಬಿಯೂ ಅಂದಿನದೇ. ಕಂಬಿಯಿಂದ ದೊಡ್ಡ ಚಕ್ರದ ಹಲ್ಲಿನವರೆಗೆ ಎಷ್ಟು ಜಾಗವಿದೆಯೋ ಅದೇ ಬೇಕಾದ ಅಳತೆ. ಸಂಪವ್ವ ಗಂಟು ಹಾಕಿದ ಒಂದು ದಾರವನ್ನು ಸೊಂಟಕ್ಕೆ ಸುತ್ತಿ ಸೀರೆಯಲ್ಲಿ ಮುಚ್ಚಿಕೊಂಡು ಗೋಪುರಕ್ಕೆ ಹೋದಳು.

"ಅಳತೆ ಇದೆಯಾ?" ಎಂದಿತು ಕರಡಿ.

"ಇಲ್ಲಪ್ಪ."

ಕರಡಿಯ ಮೂಗು ಅರಳಿತು. ಸೀರೆಯ ಸೆರಗಿನಡಿಯಿಂದ ದಾರದ ತುದಿ ಹಿಡಿದು ಶಾವಿಗೆ ಎಳೆದ ಹಾಗೆ ಎಳೆದು ತಿಂದುಬಿಟ್ಟಿತು. "ಇನ್ನೊಂದು ಸಲ ತಂದರೆ ನಿನ್ನನ್ನೂ ತಿನ್ನಬೇಕಾಗುತ್ತೆ. ನನಗಿಷ್ಟವಿಲ್ಲ. ಆದರೆ ಮಾಂತ್ರಿಕನ ಮಾತು," ಎಂದಿತು.

ಸಂಪವ್ವ ವಾಪಸು ಬಂದು ಅಂದಾಜಿನ ಮೇಲೆ ಎರಡನೆಯ ಚಕ್ರ ಮಾಡಿದಳು. ಹಳೆಯ ಚಕ್ರದ ಸುತ್ತ ಮೇಣ ಮೆತ್ತಿ, ಅದನ್ನು ಮಣ್ಣಿಗೆ ಒತ್ತಿದಳು. ಮೊದಲ ಸೋಲಿನ ಸಿಟ್ಟು ಕೈಯಲ್ಲಿತ್ತು, ಮೇಣ ಜಾಸ್ತಿಯಾಯಿತು. ಅತ್ತೆ ತಿದಿ ಒತ್ತಿದಳು. ಕಂಚು ಕರಗಿತು. ಎರೆದರು, ಆರಿಸಿದರು, ಉಜ್ಜಿದರು.

ಚಕ್ರ ಕೂರಿಸುವಾಗಲೇ ಬಿಗಿಯಾಯಿತು. ಆಳುಗಳು ಕೊಡತಿಯಲ್ಲಿ ಬಡಿದು ಕೂರಿಸಿದರು. ಎತ್ತು ಸುತ್ತಿತು. ಸೂರ್ಯ ಏರಿದ, ಬೆಟ್ಟದ ತಲೆಗೆ ಬಂದ, ಅಲ್ಲೇ ಸಿಕ್ಕಿಹಾಕಿಕೊಂಡ. ಮೇಲೂ ಇಲ್ಲ, ಕೆಳಗೂ ಇಲ್ಲ. ಊರಿನ ಪಡುವಲ ಬೀದಿಯಲ್ಲಿ ಬೆಳಕು, ಮೂಡಲ ಬೀದಿಯಲ್ಲಿ ಕತ್ತಲೆ. ಕೋಳಿಗಳು ಕೂಗಿ ಕೂಗಿ ಸುಸ್ತಾಗಿ ಕುಳಿತವು. ಎತ್ತು ಮಂಡಿಯೂರಿತು. ಆಮೇಲೆ ಫಟ್ ಎಂದು ಚಕ್ರದ ಹಲ್ಲು ಮುರಿದು ಸೂರ್ಯ ದೊಪ್ಪನೆ ಹಿಂದಕ್ಕೆ ಬಿದ್ದ.

ದೊರೆಗೆ ಜ್ವರ ಬಂತು. "ಇನ್ನೊಂದೇ ಸಲ ಕಣಮ್ಮ," ಎಂದ ಕಂಬಳಿಯೊಳಗಿಂದ. "ಅಲ್ಲಿಯವರೆಗೂ ನೆರಳಯ್ಯನ ಚಕ್ರವೇ ಇರಲಿ."

ಮುರಿದ ಚಕ್ರವನ್ನು ಕಳಚುವ ದಿನ ಗಂಗಮಾಳವ್ವನಿಗೆ ತೋಳು ನೋವು. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಸಂಪವ್ವ ದುಂಡನನ್ನೂ ಎತ್ತಿಕೊಂಡು ಹೋದಳು. ಕೈಯಲ್ಲಿ ಊರುಗೋಲಿನ ಹಾಗೆ ಒಂದು ಕೋಲು ಹಿಡಿದಿದ್ದಳು. ಅದಕ್ಕೆ ಕಣ್ಣಿಗೆ ಕಾಣದಂಥ ಸಣ್ಣ ಗೆರೆಗಳನ್ನು ಕೊರೆದಿದ್ದಳು.

"ಅಳತೆ ಇದೆಯಾ?" ಎಂದಿತು ಕರಡಿ. ಉತ್ತರ ಬರುವ ಮೊದಲೇ ಕೋಲನ್ನು ಕಿತ್ತುಕೊಂಡು ಕಬ್ಬಿನ ಹಾಗೆ ಅಗಿದುಹಾಕಿತು. ಆಮೇಲೆ ಬಾಯಿ ತೆರೆದು ಅವಳ ಕಡೆ ತಿರುಗಿತು. ದುಂಡ ಕೈ ಚಾಚಿ ಕರಡಿಯ ಕಿವಿ ಹಿಡಿದು ಎಳೆದ. ಕರಡಿ ಅವನನ್ನು ಮೂಸಿತು. ಕಾಲು ಮೂಸಿತು, ಹೊಟ್ಟೆ ಮೂಸಿತು, ತಲೆ ಮೂಸಿತು. ಹಾಲಿನ ವಾಸನೆ ಬಿಟ್ಟರೆ ಏನೂ ಇಲ್ಲ.

"ಇದರಲ್ಲಿ ಅಳತೆ ಇಲ್ಲ," ಎಂದಿತು. "ಕಿವಿ ಬಿಡಿಸು. ನೋಯುತ್ತೆ." ತಿನ್ನುವ ಮಾತು ಮರೆತೇಬಿಟ್ಟಿತು.

ಆಳುಗಳು ಮುರಿದ ಚಕ್ರ ತೆಗೆದು ಹೊರಗೆ ಸಾಗಿಸಿದರು. ಸಂಪವ್ವ ಮಗನನ್ನು ನೆಲಕ್ಕೆ ಬಿಟ್ಟು ಗೋಡೆಗೆ ಒರಗಿ ಕುಳಿತಳು. ಅವಳಿಗೆ ಅಳು ಬಂದಿತ್ತು. ಇನ್ನೊಂದು ಸಲ ತಪ್ಪಿದರೆ ಅವಳ ಮಗ ಜೀವಮಾನವಿಡೀ ಅಂಬೆಗಾಲಿಡುತ್ತಾನೆ. ಅವಳಿಗೆ ವಯಸ್ಸಾಗುತ್ತದೆ, ತಲೆ ನರೆಯುತ್ತದೆ, ಅವನು ಮಾತ್ರ ಕುಲಾವಿ ಮೂಗಿಗೆ ಜಾರಿಸಿಕೊಂಡು ನಗುತ್ತಿರುತ್ತಾನೆ. ಆಮೇಲೆ ಅವನನ್ನು ಎತ್ತಿಕೊಳ್ಳುವವರು ಯಾರು?

ತಲೆಯೆತ್ತಿ ನೋಡಿದರೆ ದುಂಡ ಇಲ್ಲ. ಅವನು ಚಕ್ರವಿದ್ದ ಖಾಲಿ ಜಾಗಕ್ಕೆ ಅಂಬೆಗಾಲಿನಲ್ಲಿ ಹೋಗಿ, ಎಣ್ಣೆ ಬಿದ್ದು ನುಣುಪಾಗಿದ್ದ ಹಲಗೆಯ ಮೇಲೆ ಅಂಗಾತ ಮಲಗಿ, ನಿದ್ದೆ ಹೋಗಿದ್ದ. ಕುಲಾವಿ ಪಕ್ಕದಲ್ಲಿ ಬಿದ್ದಿತ್ತು. ಅವನ ಹಿಮ್ಮಡಿ ಕಂಬಿಯ ನಡುಮಧ್ಯಕ್ಕೆ ತಾಗಿತ್ತು. ನೆತ್ತಿ ದೊಡ್ಡ ಚಕ್ರದ ಎರಡು ಹಲ್ಲುಗಳ ನಡುವಿನ ಸಂದಿನಲ್ಲಿ ಕೂತಿತ್ತು. ನಡುವೆ ಒಂದು ಹುಲ್ಲುಕಡ್ಡಿ ತೂರಿಸಲೂ ಜಾಗವಿರಲಿಲ್ಲ.

ಸಂಪವ್ವ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬೇರೆ ಮಗುವಾದರೆ ನಾಳೆಗೆ ಬೆಳೆದು ಅಳತೆ ತಪ್ಪುತ್ತಿತ್ತು. ಈ ಮಗು ಬೆಳೆಯುವುದಿಲ್ಲ. ಮಧ್ಯಾಹ್ನವಿಲ್ಲದೆ ಬೆಳೆಯದೆ ನಿಂತಿದ್ದ ಮಕ್ಕಳೆಲ್ಲ ಈಗ ಬಟ್ಟಲಸೀಮೆಯ ಅಳತೆಕೋಲುಗಳು. ಅವಳು ಮಗನನ್ನು ಎತ್ತಿ ಎದೆಗೊತ್ತಿಕೊಂಡು ಕರಡಿಯ ಮುಂದೆಯೇ ಹೊರಗೆ ಬಂದಳು. ಕರಡಿ ಮತ್ತೆ ಮೂಸಿತು. ಹಾಲಿನ ವಾಸನೆ.

ಮನೆಗೆ ಬಂದು ಹೇಳಿದರೆ ಗಂಗಮಾಳವ್ವ ಮೊಮ್ಮಗನನ್ನು ಕಿತ್ತುಕೊಂಡು ಮೂಲೆಗೆ ಹೋಗಿ ನಿಂತಳು. "ಕೂಸನ್ನ ಅಳೀತೀಯಾ? ಹೆತ್ತ ತಾಯಿ ನೀನು! ಅಳೆದರೆ ಬೆಳೆಯಲ್ಲ ಕಣೇ!"

"ಈಗೇನು ಬೆಳೀತಿದ್ದಾನಾ ಅತ್ತೆ?"

ಮುದುಕಿ ಮೊಮ್ಮಗನ ಮುಖ ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವನನ್ನು ಸೊಸೆಯ ಕೈಗೆ ಕೊಟ್ಟಳು. "ಸುಮ್ಮನೆ ಮಲಗಲ್ಲ ಅವನು. ಬೆಲ್ಲ ಕೊಡು ಬಾಯಿಗೆ," ಎಂದಳು.

ಮರದ ಹಲಗೆಯ ಮೇಲೆ ದುಂಡನನ್ನು ಮಲಗಿಸಿದರು. ಬೆಲ್ಲ ಚೀಪುತ್ತಾ ಅವನು ನೆಟ್ಟಗೆ ಮಲಗಿದ. ಸಂಪವ್ವ ಹಿಮ್ಮಡಿಯ ಹತ್ತಿರ ಗುರುತು ಹಾಕಿದಳು. ನೆತ್ತಿಯ ಹತ್ತಿರ ಗುರುತು ಹಾಕಲು ಹೋಗಿ ಕೈ ನಿಲ್ಲಿಸಿದಳು. ಇದು ಆರಿದ ಚಕ್ರದ ಅಳತೆ. ಆರುವಾಗ ಕುಗ್ಗುವುದು? ಮೊದಲ ಚಕ್ರ ಕಿರುಬೆರಳಿನ ಅಗಲದಷ್ಟು ಕುಗ್ಗಿತ್ತು. ಅಷ್ಟು ಹೆಚ್ಚು ಬೇಕು.

"ಕುಲಾವಿ ಹಾಕು ಅದಕ್ಕೆ, ಚಳಿ," ಎಂದಳು ಅತ್ತೆ.

ಸಂಪವ್ವ ಕುಲಾವಿಯ ನೆತ್ತಿಯ ಹೊಲಿಗೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿದಳು. ಸರಿಯಾಗಿ ಕಿರುಬೆರಳಿನ ಅಗಲ ದಪ್ಪ.

"ಅತ್ತೆ, ಇದನ್ನ ಯಾಕೆ ಇಷ್ಟು ದಪ್ಪ ಹೊಲಿದ್ರಿ?"

"ಬೆಳೆಯೋ ಮಗು. ಇವತ್ತಿನ ತಲೆಗೆ ಹೊಲಿದರೆ ನಾಳೆ ಏನು ಮಾಡ್ತೀಯ? ಹೊಲಿಗೆ ಬಿಚ್ಚಿ ದೊಡ್ಡದು ಮಾಡೋದಕ್ಕೆ ಬಟ್ಟೆ ಬಿಡಬೇಡ್ವಾ?"

"ನೀವು ಬೆಳೆಯೋದಕ್ಕೆ ಬಿಟ್ಟಿರಿ, ನಾನು ಕುಗ್ಗೋದಕ್ಕೆ ಬಿಡ್ತೀನಿ," ಎಂದು ಸಂಪವ್ವ ಮಗನ ತಲೆಗೆ ಕುಲಾವಿ ಒತ್ತಿ ಹಾಕಿ, ಅದರ ತುದಿಗೆ ಗುರುತು ಎಳೆದಳು. ಆ ಗುರುತು ಹಿಡಿದು ಮರದಲ್ಲಿ ಚಕ್ರದ ಮಾದರಿ ಕಡೆದಳು. ಹಲ್ಲುಗಳನ್ನು ಒಂದೊಂದಾಗಿ ಕೆತ್ತಿದಳು. ಮಾದರಿಯನ್ನು ಮಣ್ಣಿಗೆ ಒತ್ತಿ ಅಚ್ಚು ತೆಗೆದಳು.

ಎರಡು ಚಕ್ರಕ್ಕೇ ಕಂಚು ಮುಗಿದಿತ್ತು, ಮೂರನೆಯದಕ್ಕೆ ಸಾಲದಾಯಿತು. ಗಂಗಮಾಳವ್ವ ಒಳಗೆ ಹೋಗಿ ತವರಿನಿಂದ ತಂದಿದ್ದ ಕಂಚಿನ ಹರಿವಾಣ ತಂದು ಮೂಸೆಯ ಪಕ್ಕ ಇಟ್ಟಳು. ಬೇಲಿಯಾಚೆಯಿಂದ ಇಣುಕುತ್ತಿದ್ದ ಪಕ್ಕದ ಮನೆಯವಳು ನಾದಿನಿಯ ಜೊತೆ ರಾಜಿಯಾಗಿ ಒಂದು ಚೆಂಬು ತಂದಳು. ಬೆಕ್ಕಿಗೆ ಹೊಡೆದವಳು ಗಂಟೆ ತಂದಳು. ಅವತ್ತು ಯಾರ ಒಲೆಯ ಮೇಲೂ ಏನೂ ಇರಲಿಲ್ಲ.

ಕಂಚು ಕರಗುತ್ತಿದ್ದಾಗ ಹಿತ್ತಿಲ ಬಾಗಿಲಿನಲ್ಲಿ ನೆರಳಯ್ಯ ಬಗ್ಗಿ ಒಳಗೆ ಬಂದ. ಹೆಂಗಸರು ದೂರ ಸರಿದರು. ಅವನ ಕೈಯಲ್ಲಿ ತಾಮ್ರದ ಮಡಕೆ. ಮುಚ್ಚಳದ ಸಂದಿಯಿಂದ ಬೆಳ್ಳನೆಯ ಬೆಳಕು ಸೋರುತ್ತಿತ್ತು.

"ಸಂಪವ್ವ, ಇದು ಒಂದು ವರ್ಷದ ಮಧ್ಯಾಹ್ನ," ಎಂದ. "ಸೂರ್ಯ ಜಾರಿದಾಗ ಚೆಲ್ಲಿಹೋಗುವ ಮಧ್ಯಾಹ್ನವನ್ನೆಲ್ಲ ನನ್ನ ಮಹಡಿಯ ಮೇಲೆ ನಿಂತು ಹಿಡಿದುಕೊಳ್ಳುತ್ತೇನೆ. ಮನೆ ತುಂಬ ಮಡಕೆಗಳಿವೆ. ಇದನ್ನು ನಿನ್ನ ಮಗನ ತಲೆಗೆ ಸುರಿ, ಈಗಲೇ ಎದ್ದು ನಡೆಯುತ್ತಾನೆ. ವರ್ಷಕ್ಕೊಂದು ಮಡಕೆ ಕೊಡುತ್ತೇನೆ. ಮೂಸೆ ಇಳಿಸಿಬಿಡು."

ಸಂಪವ್ವ ಇಕ್ಕಳ ಹಿಡಿದು ನಿಂತಳು. ಮಡಕೆಯನ್ನು ನೋಡಿದಳು. ಮಗನನ್ನು ನೋಡಿದಳು. ತಿದಿಯ ಸದ್ದು ನಿಂತಿತು. ಯಾವ ತಾಯಿಯೂ ಬೇಡ ಎನ್ನದಂಥದ್ದು ಅದು. ಮೂರನೆಯ ಚಕ್ರವೂ ತಪ್ಪಿದರೆ ಏನೂ ಸಿಗುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಅವಳ ಕೈ ಮಡಕೆಯ ಕಡೆಗೆ ಒಂದು ಗೇಣು ಹೋಯಿತು ಕೂಡ. ಬೇಲಿಯ ಹತ್ತಿರ ಪಕ್ಕದ ಮನೆಯವಳ ಕೂಸು ಬೇಲಿ ಕಡ್ಡಿ ಹಿಡಿದು ದುಂಡನಿಗೆ ನಾಲಿಗೆ ತೋರಿಸುತ್ತಿತ್ತು. ದುಂಡ ಕಿಲಕಿಲ ನಗುತ್ತಿದ್ದ.

ಸಂಪವ್ವ ಕೈ ಹಿಂದಕ್ಕೆ ತೆಗೆದಳು. "ನನ್ನ ಮಗ ಒಬ್ಬನೇ ತಾಳೆಮರ ಆಗಿ, ಬೀದಿ ಮಕ್ಕಳೆಲ್ಲ ಹೀಗೇ ಇದ್ದರೆ ಅವನು ಯಾರ ಜೊತೆ ಆಡಬೇಕು ಸ್ವಾಮಿ? ನಿಮ್ಮ ಜೊತೆಯಾ? ನೀವು ಯಾರ ಜೊತೆ ಆಡಿದ್ರಿ ಚಿಕ್ಕವರಿದ್ದಾಗ?"

ನೆರಳಯ್ಯ ಬೈಯಲು ಬಾಯಿ ತೆರೆದ. ಬೈಗುಳ ಬರಲಿಲ್ಲ. "ಯಾರೂ ಸೇರಿಸುತ್ತಿರಲಿಲ್ಲ," ಎಂದ. "ಕುಳ್ಳ ಕುಳ್ಳ ಅನ್ನುತ್ತಿದ್ದರು. ಮಾವಿನಕಾಯಿ ಕೈಗೆ ಸಿಗದ ಹಾಗೆ ಎತ್ತಿ ಹಿಡಿದು ಕುಣಿಸುತ್ತಿದ್ದರು."

"ಅದಕ್ಕೆ ಊರಿನ ಮಕ್ಕಳನ್ನೆಲ್ಲ ಕುಳ್ಳರಾಗೇ ಇಟ್ಟಿರಾ?"

ನೆರಳಯ್ಯ ಮಡಕೆಯ ಮುಚ್ಚಳ ಒತ್ತಿಕೊಂಡು ಬಗ್ಗಿ ಹೊರಗೆ ಹೋದ. "ಅತ್ತೆ, ತಿದಿ ಒತ್ತಿ," ಎಂದಳು ಸಂಪವ್ವ. ಗಂಗಮಾಳವ್ವ ನೋಯುವ ತೋಳಿನಲ್ಲೇ ಒತ್ತಿದಳು. ಕಂಚು ಕೆಂಡದ ಬಣ್ಣಕ್ಕೆ ಬಂತು. ಎರೆದರು.

ಆರುವಾಗ ಚಕ್ರ ಅಚ್ಚಿನೊಳಗೆ ಟಿಣ್ ಟಿಣ್ ಎಂದು ಸದ್ದು ಮಾಡುತ್ತಾ ಕುಗ್ಗಿತು. ಅವಳು ಮಣ್ಣು ಬಿಡಿಸಿ, ಕುಲಾವಿ ತೆಗೆದು ಬರಿತಲೆಯ ದುಂಡನನ್ನು ಅದರ ಮೇಲೆ ಮಲಗಿಸಿ ನೋಡಿದಳು. ಹಿಮ್ಮಡಿ ನಡುಮಧ್ಯಕ್ಕೆ, ನೆತ್ತಿ ಹಲ್ಲಿನ ತುದಿಗೆ.

"ಅಳತೆ ಇದೆಯಾ?" ಎಂದಿತು ಕರಡಿ ಗೋಪುರದ ಬಾಗಿಲಿನಲ್ಲಿ.

"ಇದೆ," ಎಂದಳು ಸಂಪವ್ವ. "ಚಕ್ರದಲ್ಲೇ ಇದೆ. ತಿನ್ನು ನೋಡೋಣ."

ಕರಡಿ ಚಕ್ರಕ್ಕೆ ಬಾಯಿ ಹಾಕಿತು. ಹಲ್ಲು ನೊಂದಿತು. ಮುಖ ಸಿಂಡರಿಸಿಕೊಂಡು ಪಕ್ಕಕ್ಕೆ ಸರಿಯಿತು.

ಚಕ್ರ ಒಂದೇ ಕೈಯಲ್ಲಿ ಒತ್ತಿದರೆ ಕೂತುಬಿಟ್ಟಿತು. ಕೊಡತಿ ಬೇಕಾಗಲಿಲ್ಲ. ಎತ್ತು ಸುತ್ತಿತು. ಹಲ್ಲು ಹಲ್ಲನ್ನು ಹಿಡಿಯಿತು. ಸೂರ್ಯ ಬೆಟ್ಟ ದಾಟಿದ. ಅರ್ಧ ಆಕಾಶಕ್ಕೆ ಬಂದ. ಊರವರು ಕಟಕಟ ಸದ್ದಿಗೆ ಹೆದರಿ ಕಿವಿ ಮುಚ್ಚಿಕೊಂಡರು. ಸದ್ದು ಬರಲಿಲ್ಲ. ಸೂರ್ಯ ಇನ್ನೂ ಏರಿದ, ಇನ್ನೂ ಏರಿದ, ನೆತ್ತಿಯ ಮೇಲೆ ಬಂದು ನಿಂತ. ಜನರ ನೆರಳೆಲ್ಲ ಅವರವರ ಕಾಲಡಿಗೆ ಸೇರಿತು. ಮುದುಕರು ಅಯ್ಯೋ ಮಧ್ಯಾಹ್ನ, ಮಧ್ಯಾಹ್ನ ಎಂದು ಅತ್ತರು. ಯಾರಿಗೂ ಅಡುಗೆ ಮಾಡಿಡುವುದು ನೆನಪಿರಲಿಲ್ಲ, ಎಲ್ಲರಿಗೂ ಹಸಿವಾಯಿತು.

ನೆರಳಯ್ಯನ ಮನೆಯಲ್ಲಿ ಮಡಕೆಗಳು ಒಂದೊಂದಾಗಿ ಒಡೆದವು. ಕೂಡಿಟ್ಟಿದ್ದ ಮಧ್ಯಾಹ್ನಗಳು ಕಿಟಕಿಯಿಂದ ಹಾರಿ ಊರಿನ ಅಂಗಳಗಳಿಗೆಲ್ಲ ಇಳಿದವು. ಮಕ್ಕಳು ಇದ್ದಲ್ಲೇ ಎದ್ದು ನಿಂತವು. ಅಂಗಿಯ ಗುಂಡಿಗಳು ಕಿತ್ತು ಹಾರಿದವು. ದೊರೆಯ ಮಗಳು ತೊಟ್ಟಿಲಿನಿಂದ ಇಳಿದು ಬಂದು ಅಪ್ಪನ ಸುತ್ತಲಿನ ದೀಪಗಳನ್ನು ಒಂದೊಂದಾಗಿ ಊದಿ ಆರಿಸಿದಳು. ದೊರೆ ಬೇಡ ಎನ್ನಲಿಲ್ಲ. ಆ ವರ್ಷ ಬಟ್ಟಲಸೀಮೆಯ ದರ್ಜಿಗಳಿಗೆ ಹೊಲಿಗೆಯಿಂದ ತಲೆ ಎತ್ತಲೂ ಬಿಡುವಿರಲಿಲ್ಲ.

ನೆರಳಯ್ಯ ಮಾತ್ರ ಬೀದಿಯಲ್ಲಿ ಓಡುತ್ತಾ ಓಡುತ್ತಾ ಚಿಕ್ಕವನಾದ. ಕದ್ದ ಮಧ್ಯಾಹ್ನವೆಲ್ಲ ಅವನ ಮೈಯಿಂದ ಇಳಿದುಹೋಯಿತು. ಕದಿಯದೆ ತಾನಾಗಿ ಬೆಳೆದದ್ದೂ ಅದರ ಜೊತೆ ಹೋಯಿತು. ಕೊನೆಗೆ ಸಂಪವ್ವನ ಮನೆಯ ಮುಂದೆ ದೊಡ್ಡ ನಿಲುವಂಗಿಯ ರಾಶಿ ಬಿದ್ದಿತ್ತು. ಅದರ ನಡುವೆ ಒಂದು ಕೂಸು ಕೂತು ಬಾಯಿಬಿಟ್ಟು ಅಳುತ್ತಿತ್ತು. ಊರವರು ಕಲ್ಲು ಹಿಡಿದುಕೊಂಡು ಬಂದರು.

ಗಂಗಮಾಳವ್ವ ಅಡ್ಡ ಬಂದಳು. "ನಾಚಿಕೆ ಆಗಲ್ವಾ? ಹಲ್ಲು ಬಂದಿಲ್ಲ ಅದಕ್ಕೆ ಇನ್ನೂ. ಹೋಗಿ, ನಿಮ್ಮ ನಿಮ್ಮ ಮಕ್ಕಳಿಗೆ ಊಟಕ್ಕಿಡಿ," ಎಂದು ಗದರಿಸಿ ಕೂಸನ್ನು ಎತ್ತಿಕೊಂಡಳು.

"ಅತ್ತೆ, ಅದು ನೆರಳಯ್ಯ," ಎಂದಳು ಸಂಪವ್ವ.

"ಗೊತ್ತು ಬಿಡೇ. ಯಾರೂ ಆಟಕ್ಕೆ ಸೇರಿಸದೆ ಹಾಳಾಯ್ತು ಅಂತ ನಿನ್ನ ಮುಂದೆ ತಾನೇ ಹೇಳಲಿಲ್ವಾ? ಈ ಸಲ ಸೇರಿಸೋಣ."

ದುಂಡನ ಕುಲಾವಿ ದುಂಡನಿಗೆ ಆಗುತ್ತಿರಲಿಲ್ಲ, ಅವನ ಕಿವಿಯ ಮೇಲೆಯೇ ನಿಲ್ಲುತ್ತಿತ್ತು. ಗಂಗಮಾಳವ್ವ ಅದನ್ನು ಆ ಕೂಸಿನ ತಲೆಗೆ ಹಾಕಿದಳು. ಅದು ಜಾರಿ ಅವನ ಮೂಗಿನ ಮೇಲೆ ಬಂತು. ಅಳು ನಿಂತಿತು. ಕರಡಿಗೆ ಮಾಂತ್ರಿಕನ ಮಾತಿನ ಕಟ್ಟು ಬಿಟ್ಟುಹೋಗಿತ್ತು. ಅದು ಹಿತ್ತಿಲಿಗೆ ಬಂದು ತಿದಿ ಒತ್ತುವ ಕೆಲಸಕ್ಕೆ ಸೇರಿತು. ಗಂಗಮಾಳವ್ವನ ತೋಳುನೋವು ಹೋಯಿತು.

ಹಗಲು ಉದ್ದವಾದ್ದರಿಂದ ಸಂಪವ್ವನ ಗಂಡನ ದಾರಿಯೂ ಸಾಗಿತು. ಗಾಡಿಯಿಂದ ಇಳಿಯುವಾಗಲೇ ಸೀಬೆಮರದ ಮೇಲಿದ್ದ ಹುಡುಗನನ್ನು ನೋಡಿ "ಯಾರಪ್ಪ ನೀನು, ನಮ್ಮ ಮರ ಹತ್ತಿದ್ದೀಯ?" ಎಂದ. "ಅಪ್ಪ!" ಎಂದು ದುಂಡ ಮೇಲಿಂದಲೇ ಅವನ ಮೇಲೆ ಹಾರಿದ. ಆಮೇಲೆ ಕುಲುಮೆಯ ಹತ್ತಿರ ಕರಡಿಯನ್ನು ನೋಡಿ ಗಂಡ ಒಂದು ಕೂಗು ಹಾಕಿದ. "ಮೊದಲು ಕೈಕಾಲು ತೊಳೆದುಕೊಳ್ಳಿ, ಆಮೇಲೆ ಹೆದರೋದು," ಎಂದಳು ಸಂಪವ್ವ.

ಕೆಲವು ಕಾಲದ ಮೇಲೆ ದೊರೆ ತಾನೇ ಹಿತ್ತಿಲಿಗೆ ಬಂದ. "ಚಕ್ರ ಮತ್ತೆ ಸವೆಯುತ್ತದೆ ಸಂಪವ್ವ. ಆ ಅಳತೆಯನ್ನು ಅರಮನೆಯಲ್ಲಿ ಜೋಪಾನವಾಗಿ ಇಡಬೇಕು. ಎಲ್ಲಿದೆ?"

"ಅಳತೆ ಅಗೋ, ಮರದ ಮೇಲೆ ಸೀಬೆಕಾಯಿ ತಿಂತಿದೆ ಬುದ್ಧಿ. ಈಗ ನನ್ನ ಭುಜಕ್ಕೆ ಬರುತ್ತೆ. ಅದನ್ನು ನಂಬಿದರೆ ನಿಮ್ಮ ಸೂರ್ಯ ಬೆಟ್ಟಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ," ಎಂದು ಸಂಪವ್ವ ನಕ್ಕು, ಗೋಡೆಗೆ ತೂಗುಹಾಕಿದ್ದ ಮರದ ಮಾದರಿಯನ್ನು ಇಳಿಸಿ ಕೊಟ್ಟಳು. "ಇದನ್ನ ಇಟ್ಟುಕೊಳ್ಳಿ. ಎಷ್ಟು ಸಲ ಚಕ್ರ ಮಾಡಿದರೂ ಇದನ್ನೇ ನೋಡಿ ಮಾಡಲಿ. ಚಕ್ರ ನೋಡಿ ಚಕ್ರ ಮಾಡಬೇಡಿ."

ಹಾಗೆ ಬಟ್ಟಲಸೀಮೆಗೆ ಮಧ್ಯಾಹ್ನ ಬಂತು, ಮಕ್ಕಳು ಬೆಳೆದರು, ಬೆಕ್ಕುಗಳು ಏಟು ತಿನ್ನದೆ ಬದುಕಿದವು. ಸೂರ್ಯ ದಿನಾ ಬೆಟ್ಟ ಹತ್ತಿ ಹತ್ತಿ ಅಭ್ಯಾಸವಾಗಿ, ಬಹಳ ಕಾಲದ ಮೇಲೆ ಸರಪಳಿಯಿಲ್ಲದೆ ತಾನೇ ಬರುವುದನ್ನು ಕಲಿತ.

ಚಕ್ರ ಕೂರಿಸಿದ ಆ ಚಳಿಗಾಲ ಮುಗಿದು ಇನ್ನೊಂದು ಚಳಿಗಾಲ ಬಂದಾಗ ಗಂಗಮಾಳವ್ವ ಪೆಟ್ಟಿಗೆಯಿಂದ ಕುಲಾವಿ ತೆಗೆದು ನೆರಳನ ತಲೆಗೆ ಹಾಕಿದಳು. ಈಗ ಅವನನ್ನು ಎಲ್ಲರೂ ನೆರಳ ಎಂದೇ ಕರೆಯುತ್ತಿದ್ದರು. ಬೀದಿಯ ಮಕ್ಕಳು ಅವನಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು. ಕುಲಾವಿ ಬಿಗಿಯಾಗಿ ಕಿವಿಯ ಮೇಲೆಯೇ ನಿಂತಿತು. ಇನ್ನು ಬಿಚ್ಚಲು ಅದರಲ್ಲಿ ಹೊಲಿಗೆಯೂ ಉಳಿದಿರಲಿಲ್ಲ.

"ನೋಡೇ ಸಂಪಿ, ಇದಕ್ಕೂ ಸಾಲದಾಯ್ತು," ಎಂದು ಗೊಣಗುತ್ತಾ ಮುದುಕಿ ಇನ್ನೊಂದು ಹಳೆಯ ಸೀರೆ ಹುಡುಕಿಕೊಂಡು, ಮಧ್ಯಾಹ್ನದ ಬಿಸಿಲಿಗೆ ಕೂತು ಹೊಸ ಕುಲಾವಿ ಹೊಲಿಯಲು ಶುರುಮಾಡಿದಳು. ಈ ಸಲವೂ ಒಂದಿಷ್ಟು ಸಡಿಲವಾಗಿಯೇ ಹೊಲಿದಳು.